ಎಮ್ಮೆ ಕೇಳದ ಪ್ರಶ್ನೆ

೬ ನವೆಂಬರ್ ೨೦೧೧, ಭಾನುವಾರ

ಬೈಯಲು ಬಾಯಿ ಇಲ್ಲ, ಬರೆಯಲು ಕೈ ಇದೆ. ಅದಕ್ಕೇ ಬರೆಯುತ್ತಿದ್ದೇನೆ. ಈ ಡೈರಿ ಹೋಟೆಲಿಗೆ ಮಸಾಲೆ ಸಪ್ಲೈ ಮಾಡುವವನು ಹೊಸ ವರ್ಷಕ್ಕೆ ಕೊಟ್ಟದ್ದು. ಇಷ್ಟು ದಿನ ಖಾಲಿ ಬಿದ್ದಿತ್ತು.

ಆಸ್ಪತ್ರೆಯಿಂದ ಡೊಂಬಿವಲಿಯ ಮನೆಗೆ ಬಂದು ಒಂದು ವಾರವಾಯಿತು. ಸ್ಟ್ರೋಕ್. ಕೈ ಉಳಿಯಿತು, ಎಡಗಾಲು ಸ್ವಲ್ಪ ಎಳೆಯುತ್ತದೆ. ಹೋದದ್ದು ಮುಖದ ಎಡಭಾಗ ಮತ್ತು ನಾಲಗೆ. ತುಟಿ ಕೂಡುವುದಿಲ್ಲ. ನೀರು ಕುಡಿದರೆ ಅರ್ಧ ಬನಿಯನಿಗೆ. ತಲೆಯೊಳಗೆ ಮಾತು ಸರಿಯಾಗಿಯೇ ಹುಟ್ಟುತ್ತದೆ, ಹೊರಗೆ ಬರುವಷ್ಟರಲ್ಲಿ ಗಂಜಿಯಾಗಿರುತ್ತದೆ. ನಿನ್ನೆ ಸುಂದರಿಯ ಹತ್ತಿರ ಚಹಾ ಕೇಳಿದೆ, ಅವಳು ಎದ್ದು ಫ್ಯಾನ್ ಹಾಕಿದಳು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೇ ನನ್ನ ಮಾತು ತಿಳಿಯದಿದ್ದರೆ ಇನ್ನು ಯಾರಿಗೆ ತಿಳಿಯಬೇಕು? ಸಿಟ್ಟಿನಿಂದ ಫ್ಯಾನಿನ ಕೆಳಗೇ ಕೂತೆ.

ಠಾಣೆ ಊರಿನ ನಮ್ಮ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ಮೈಕಿಲ್ಲದೆ ಅಡುಗೆ ಕೋಣೆಗೆ ಆರ್ಡರ್ ಮುಟ್ಟಿಸಿದವನು ನಾನು. ತಾಳಮದ್ದಲೆಯಲ್ಲಿ ದೇವದಾಸನ ಅರ್ಥಗಾರಿಕೆ ಇದೆ ಎಂದರೆ ವಾಶಿಯಿಂದ, ಮೀರಾ ರೋಡಿನಿಂದ ಜನ ನಮ್ಮ ಯಕ್ಷಗಾನ ಸಂಘದ ಹಾಲಿಗೆ ಬರುತ್ತಿದ್ದರು. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತ ಹಾಡಿದ ಪದ್ಯಕ್ಕೆ ಕೂತಲ್ಲೇ ಅರ್ಥ ಹೇಳುತ್ತ ಮಾತಿನಲ್ಲಿ ಹೊಡೆದಾಡುವುದೇ ಆಟ. ಆ ಮಾತೇ ಈಗ ಇಲ್ಲ.

ಇದಕ್ಕೆಲ್ಲ ಕಾರಣ ಕಲ್ಯಾಣದ ದೇಜಪ್ಪ. ಆಗಸ್ಟಿನಲ್ಲಿ ಸಂಘದ ವಾರ್ಷಿಕ ತಾಳಮದ್ದಲೆ ಇತ್ತು. ನನ್ನದು ಯುದ್ಧಕ್ಕೆ ಹೊರಟ ಯೋಧ, ಅವನದು ಆ ಯೋಧನನ್ನು ಹೀಯಾಳಿಸುವ ಸಾರಥಿ. ಹರೆಯದಿಂದ ನಾವಿಬ್ಬರೂ ಹೀಗೆ ಎದುರುಬದುರು ಕೂತು ಜಗಳವಾಡಿದವರು. ಆಟ ಮುಗಿದ ಮೇಲೆ ಒಂದೇ ಲೋಕಲ್ ರೈಲಿನಲ್ಲಿ ಬಾಗಿಲಿಗೆ ಒರಗಿ ನಿಂತು ಅದೇ ಜಗಳ ಮುಂದುವರಿಸಿದವರು. ಆ ದಿನ ಮಾತಿನಲ್ಲಿ ಅವನನ್ನು ಚೆನ್ನಾಗಿ ಹಿಂಡಿದೆ, ಸಭೆ ಚಪ್ಪಾಳೆ ಹೊಡೆಯಿತು. ಅವನ ಮುಖ ಕೆಂಪಾಯಿತು. 'ಬೇಕಾದ ಹೊತ್ತಿಗೆ ನಿನ್ನ ನಾಲಗೆ ನಿನ್ನ ಮಾತು ಕೇಳದೆ ಹೋಗಲಿ' ಎಂದ. ಪ್ರಸಂಗದಲ್ಲಿ ಅಂಥ ಶಾಪವೇ ಇಲ್ಲ. ಅದು ಸಾರಥಿ ಯೋಧನಿಗೆ ಹೇಳಿದ್ದಲ್ಲ, ದೇಜಪ್ಪ ದೇವದಾಸನಿಗೆ ಹೇಳಿದ್ದು. ನವರಾತ್ರಿ ಕಳೆಯುವಾಗ ನಾನು ಬಚ್ಚಲಲ್ಲಿ ಬಿದ್ದೆ.

ಇಡೀ ಸಂಘ ಆಸ್ಪತ್ರೆಗೆ ಬಂತು. ಅವನೊಬ್ಬ ಬರಲಿಲ್ಲ. ಕಲ್ಯಾಣಕ್ಕೂ ಡೊಂಬಿವಲಿಗೂ ನಡುವೆ ಇರುವುದು ಒಂದೇ ಸ್ಟೇಷನ್, ಠಾಕುರ್ಲಿ.

೯ ನವೆಂಬರ್, ಬುಧವಾರ

ಮಗ ಯತಿನ್ ಒಬ್ಬಳು ಸ್ಪೀಚ್ ಥೆರಪಿಸ್ಟಳನ್ನು ಗೊತ್ತು ಮಾಡಿದ್ದಾನೆ. ಹೆಸರು ಶ್ರೀವಿದ್ಯಾ, ಊರು ಮೈಸೂರು. ಅವಳ ಗಂಡನೂ ಯತಿನನೂ ಮಹಾಪೆಗೆ ಒಂದೇ ಕಂಪೆನಿ ಬಸ್ಸಿನಲ್ಲಿ ಹೋಗುವವರು. ಹುಡುಗಿ ಬಂದವಳೇ ನನ್ನ ಮೂತಿಯನ್ನು ಹಿಡಿದು ಹಲಸಿನ ಹಣ್ಣು ನೋಡುವ ಹಾಗೆ ಒತ್ತಿ ನೋಡಿದಳು.

"ಅಂಕಲ್, ತುಟಿ ಸೇರ್ಬೇಕು. ಪ, ಬ, ಮ ಬಂತು ಅಂದ್ರೆ ಮಿಕ್ಕಿದ್ದು ಹಿಂದೇನೇ ಬರತ್ತೆ" ಎಂದಳು. ಆಮೇಲೆ ಚೀಲದಿಂದ ಒಂದು ಪುಸ್ತಕ ತೆಗೆದಳು.

ಮಕ್ಕಳ ಚಿತ್ರದ ಪುಸ್ತಕ. ಬೆನ್ನಿಗೆ ಟೇಪು ಹಚ್ಚಿದ್ದು, ಒಂದು ಪುಟದಲ್ಲಿ ಯಾರೋ ಕ್ರೆಯಾನಿನಲ್ಲಿ ಗೀಚಿದ್ದು. ಅವಳು ಚಿಕ್ಕವಳಿದ್ದಾಗ ಓದಿದ್ದಂತೆ, ಆಮೇಲೆ ಅವಳ ಮಗಳು ಓದಿದ್ದಂತೆ. ಈಗ ನಾನು.

ಕಥೆ ಎಂಬ ಹೆಸರಿನಲ್ಲಿ ಅದರಲ್ಲಿ ಇರುವುದು ಇಷ್ಟು. ಒಂದು ಎಮ್ಮೆ, ಅದರ ಬೆನ್ನ ಮೇಲೆ ಒಂದು ಬೆಳ್ಳಕ್ಕಿ. ಇಬ್ಬರೂ ದಿನಾ ಕೆರೆಗೆ ಹೋಗುತ್ತಾರೆ. ಬಿಸಿಲು ಬರುತ್ತದೆ, ಮಳೆ ಬರುತ್ತದೆ. ಒಂದು ದಿನ ಬೆಳ್ಳಕ್ಕಿ ಇಲ್ಲ. ಎಮ್ಮೆ ನೀರಿನಲ್ಲಿ ಕೂತು ಕಾಯುತ್ತದೆ. ಕೆಲವು ಪುಟ ಒಂದಕ್ಷರವೂ ಇಲ್ಲ, ಬರೀ ಎಮ್ಮೆ, ಬರೀ ನೀರು. ಕಡೆಗೆ ಬೆಳ್ಳಕ್ಕಿ ಬರುತ್ತದೆ. 'ಬಂದೆಯಾ?' ಎನ್ನುತ್ತದೆ ಎಮ್ಮೆ. 'ಬಂದೆ' ಎನ್ನುತ್ತದೆ ಬೆಳ್ಳಕ್ಕಿ. ಮುಗಿಯಿತು.

ಇದನ್ನು ಬೆಳಿಗ್ಗೆ ಸಂಜೆ ಗಟ್ಟಿಯಾಗಿ ಓದಬೇಕಂತೆ. ಅದೂ ಒಬ್ಬನೇ ಅಲ್ಲ, ಯಾರಾದರೂ ಎದುರು ಕೂತು ಕೇಳಬೇಕಂತೆ. ನನಗೆ ಮೈಯೆಲ್ಲ ಉರಿಯಿತು. ಕಾಗದ ತೆಗೆದುಕೊಂಡು ಬರೆದೆ, 'ತುಂಬಿದ ಸಭೆಯಲ್ಲಿ ಪಂಡಿತರ ಬಾಯಿ ಮುಚ್ಚಿಸಿದವನು ನಾನು.'

ಅವಳು ಓದಿ ನಕ್ಕಳು. "ಸರಿ ಅಂಕಲ್, ಈಗ ನಿಮ್ಮ ಬಾಯಿ ಮುಚ್ಚೋದು ಕಲೀರಿ. ಮುಚ್ಚಿದ್ರೇನೇ ಬ ಬರೋದು."

ಸುಂದರಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಗಲಿಕ್ಕೇ ಹೋದದ್ದು, ನನಗೆ ಗೊತ್ತಿಲ್ಲವಾ?

೧೦ ನವೆಂಬರ್

ಓದಲಿಲ್ಲ.

೧೧ ನವೆಂಬರ್

ಇವತ್ತೂ ಇಲ್ಲ. ಅಷ್ಟು ಬೇಕಾದರೆ ಎಮ್ಮೆಯೇ ಬಂದು ನನ್ನನ್ನು ಓದಲಿ.

೧೫ ನವೆಂಬರ್, ಮಂಗಳವಾರ

ಮೊಮ್ಮಗಳು ನಿಶ್ಮಿತಾ ಒಂದನೇ ಕ್ಲಾಸು. ನಾವು ತುಳು ಮಾತಾಡಿದರೂ ಕನ್ನಡ ಮಾತಾಡಿದರೂ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಕನ್ನಡ ಅಕ್ಷರ ಗೊತ್ತಿಲ್ಲ. ಇವತ್ತು ಶಾಲೆಯಿಂದ ಬಂದವಳಿಗೆ ಟೀಪಾಯಿಯ ಮೇಲೆ ಪುಸ್ತಕ ಕಂಡಿತು. ಇಡೀ ಚಿತ್ರ ನೋಡಿದಳು, ಮತ್ತೆ ಮೊದಲಿನಿಂದ ನೋಡಿದಳು. "ಅಜ್ಜ, ಪಢೋ ನಾ" ಎಂದು ನನ್ನ ಮಡಿಲಿಗೆ ಹಾಕಿದಳು.

ಮಗು ಕೇಳಿದೆಯಲ್ಲ ಎಂದು ಓದಲು ಹೋದೆ. ಎಮ್ಮೆ ಎಂದು ಹೇಳಹೊರಟರೆ 'ಎಹ್ಹೆ' ಎಂದು ಬಂತು.

"ಎಹ್ಹೆ ನಹೀಂ ಅಜ್ಜ, ಎಮ್ಮೆ. ಐಸೇ" ಎಂದು ನನ್ನ ಎರಡು ತುಟಿಗಳನ್ನು ಬೆರಳಲ್ಲಿ ಹಿಡಿದು ಒತ್ತಿದಳು. ಒತ್ತಿ ಕಿಲಕಿಲ ನಕ್ಕಳು.

ನಾನು ಪುಸ್ತಕ ಬೀಸಿ ಒಗೆದೆ. ಫ್ರಿಜ್ಜಿಗೆ ಬಡಿದು ರಟ್ಟು ಬೇರೆಯಾಯಿತು. ನಿಶ್ಮಿತಾ ಅಳಲಿಲ್ಲ. ಹೋಗಿ ಹೆಕ್ಕಿಕೊಂಡು, ಬೆಳ್ಳಕ್ಕಿಯ ಪುಟ ತೆಗೆದು, "ಇಸ್ಕೋ ಲಗಾ ಕ್ಯಾ?", ಪೆಟ್ಟಾಯಿತಾ ಎಂದು ಅದರ ತಲೆ ಸವರಿ ಒಳಗೆ ಹೋದಳು.

ಸುಂದರಿ ಸೌಟು ಹಿಡಿದೇ ಹೊರಗೆ ಬಂದಳು. "ಮಗುವಿನ ಮುಂದೆ ಎಂತ ನಿಮ್ಮ ಪೌರುಷ? ನಾಲಗೆ ಹೋದರೆ ಬುದ್ಧಿಯೂ ಹೋಗಬೇಕಂತ ಉಂಟಾ?" ಎಂದವಳು ಮತ್ತೆ ನನ್ನೊಡನೆ ಮಾತಾಡಲಿಲ್ಲ. ಈಗ ಮನೆಯಲ್ಲಿ ಇಬ್ಬರಿಗೂ ಮಾತಿಲ್ಲ.

೨೨ ನವೆಂಬರ್, ಮಂಗಳವಾರ

ಮಾತು ಯಾಕೆ ಬೇಕು ಎಂದು ಕೂತು ಯೋಚಿಸಿದೆ. ಚಹಾ ಕೇಳಲು ಬೇಡ, ಅದು ಹೇಗೋ ಸಿಗುತ್ತದೆ. ಕಲ್ಯಾಣಕ್ಕೆ ಹೋಗಿ ದೇಜಪ್ಪನ ಬಾಗಿಲಲ್ಲಿ ನಿಂತು ಅವನಿಗೆ ಬೈಯಲು ಬೇಕು. ಗುಜುಗುಜು ಅಲ್ಲ, ಅಕ್ಷರ ಅಕ್ಷರ ಬಿಡಿಸಿ, ಕಟ್ಟಡದವರೆಲ್ಲ ಬಾಗಿಲು ತೆಗೆದು ನೋಡುವ ಹಾಗೆ ಬೈಯಬೇಕು. ವಾಕ್ಯವೂ ಸಿದ್ಧವಾಯಿತು.

'ಪಾಪಿ, ನಿನ್ನ ಶಾಪ ನನ್ನ ಬಾಯಿಗೆ ಬಡಿಯಿತು. ಬಂದು ಮುಖ ತೋರಿಸಲೂ ನಿನಗೆ ಮನಸ್ಸಾಗಲಿಲ್ಲವೇ?'

ಶ್ರೀವಿದ್ಯಾ ಬಂದಾಗ ಇದನ್ನು ಬರೆದು ತೋರಿಸಿ, ಎಮ್ಮೆಯ ಬದಲು ಇದನ್ನು ಕಲಿಸು ಎಂದು ಸನ್ನೆ ಮಾಡಿದೆ. ಅವಳು ಎರಡು ಸಲ ಓದಿದಳು.

"ಯಾರಿಗೆ ಅಂಕಲ್ ಇದು? ಪಾಪ" ಎಂದಳು. ಆಮೇಲೆ, "ವಾಕ್ಯ ಚೆನ್ನಾಗೇ ಇದೆ. ಪ, ಬ, ಮ ಎಲ್ಲಾ ಇದೆ. ಆದ್ರೆ ಸಿಟ್ಟಲ್ಲಿ ಹೇಳಿದ್ರೆ ಮುಖ ಬಿಗಿಯತ್ತೆ, ತುಟಿ ಸೇರಲ್ಲ. ಮೊದಲು ಎಮ್ಮೆ ಮುಗ್ಸಿ, ಆಮೇಲೆ ಪಾಪಿ" ಎಂದಳು.

ಒಪ್ಪಿದೆ. ದೇಜಪ್ಪನಿಗಾಗಿ ಎಮ್ಮೆಯನ್ನೂ ಸಹಿಸಿಕೊಳ್ಳುತ್ತೇನೆ. ರಟ್ಟಿಗೆ ಹೊಸ ಟೇಪು ಹಚ್ಚಿದೆ. ನಿಶ್ಮಿತಾ ಪಕ್ಕದಲ್ಲಿ ಕೂತು ಟೇಪು ಕತ್ತರಿಸಿ ಕೊಟ್ಟಳು. ನಾನು ಕ್ಷಮೆ ಕೇಳಲಿಲ್ಲ, ಅವಳು ಕೇಳು ಎನ್ನಲೂ ಇಲ್ಲ.

೪ ಡಿಸೆಂಬರ್, ಭಾನುವಾರ

ಈ ಪುಸ್ತಕ ಬರೆದವನು ಎದುರಿಗೆ ಸಿಕ್ಕಿದರೆ ಸಭೆಯಲ್ಲಿ ನಿಲ್ಲಿಸಿ ಕೇಳುತ್ತಿದ್ದೆ. ಬೆಳ್ಳಕ್ಕಿ ಎಲ್ಲಿ ಹೋಗಿತ್ತು? ಯಾಕೆ ಹೋಯಿತು? ಹೇಳಿ ಹೋಗಲು ಅದಕ್ಕೆ ಏನಾಗಿತ್ತು? ಪಾಪದ ಎಮ್ಮೆ ಅಷ್ಟು ಹೊತ್ತು ನೀರಿನಲ್ಲಿ ಕೂತಿದೆ. ಬಂದ ಮೇಲಾದರೂ 'ಎಲ್ಲಿ ಸತ್ತಿದ್ದೆ?' ಎಂದು ಒಂದು ಮಾತು ಕೇಳಬಾರದಾ? ಕೇಳುವುದೇ ಇಲ್ಲ. 'ಬಂದೆಯಾ?' ಅಂತೆ. ಬಂದದ್ದು ಕಣ್ಣಿಗೆ ಕಾಣುವುದಿಲ್ಲವಾ? ಇಂಥ ಎಮ್ಮೆಗೆ ಒಂದು ಪದ್ಯಕ್ಕೂ ಅರ್ಥ ಹೇಳಲು ಬಾರದು. ನಾನಾಗಿದ್ದರೆ ಆ ಹಕ್ಕಿಯನ್ನು ಸುಲಭದಲ್ಲಿ ಬಿಡುತ್ತಿರಲಿಲ್ಲ.

ಇದನ್ನೆಲ್ಲ ಕಾಗದದಲ್ಲಿ ಬರೆದು ಸುಂದರಿಗೆ ಕೊಟ್ಟೆ. ಅವಳು ಬೀನ್ಸ್ ಮುರಿಯುತ್ತ ಓದಿದಳು.

"ನಿಶ್ಮಿ ಒಂದು ಸಲವೂ ಅದನ್ನು ಕೇಳಲಿಲ್ಲ, ನೋಡಿ" ಎಂದಳು.

ಮಗು ಕೇಳಲಿಲ್ಲ ಎಂದರೆ ಪ್ರಶ್ನೆಯೇ ಇಲ್ಲ ಎಂದಾ? ಹೆಂಗಸರ ಹತ್ತಿರ ವಾದ ಮಾಡಬಾರದು.

೧೮ ಡಿಸೆಂಬರ್, ಭಾನುವಾರ

ಈ ಮನೆಗೆ ಬಂದವರಿಗೆಲ್ಲ ಏನಾಗಿದೆಯೋ. ಎದುರು ಫ್ಲ್ಯಾಟಿನ ಮರಾಠಿ ಹೆಂಗಸು ಗೋಡಬೋಲೆ ಬಾಯಿ ಸಂಕ್ರಾಂತಿಯ ತಿಳಗೂಳಕ್ಕೆ, ಅಂದರೆ ಎಳ್ಳುಂಡೆಗೆ, ಬೆಲ್ಲ ಎಲ್ಲಿ ಒಳ್ಳೆಯದು ಸಿಗುತ್ತದೆ ಎಂದು ಕೇಳಲು ಬಂದವರು ಪುಸ್ತಕ ಎತ್ತಿಕೊಂಡರು. ಒಂದಕ್ಷರ ಕನ್ನಡ ಬಾರದು. ನಿಂತಲ್ಲೇ ಕಡೆಯ ಪುಟದವರೆಗೆ ತಿರುವಿ, "ಕಿತೀ ಗೋಡ ಆಹೇ", ಎಷ್ಟು ಮುದ್ದಾಗಿದೆ ಎಂದು ಎದೆಗೆ ಒತ್ತಿ ಹಿಡಿದುಕೊಂಡರು. ಬೆಲ್ಲದ ವಿಷಯ ಮರೆತು ಹೋದರು. ಯತಿನನೂ ಅಷ್ಟೆ. ಬ್ಯಾಗು ಹೆಗಲಲ್ಲೇ ಇತ್ತು, ಶೂ ಬಿಚ್ಚಿರಲಿಲ್ಲ, ಬಾಗಿಲ ಹತ್ತಿರ ನಿಂತು ಪೂರ್ತಿ ಓದಿದ. "ಪಪ್ಪಾ, ಇದರಲ್ಲಿ ಎಂತದೂ ಆಗುವುದೇ ಇಲ್ಲ ಅಲ್ವಾ?" ಎಂದ. ನಾನು ಹೌದು ಎಂದು ತಲೆಯಾಡಿಸಿದೆ, ಕಡೆಗೂ ಒಬ್ಬ ಬುದ್ಧಿವಂತ ಸಿಕ್ಕಿದ ಎಂದು ಸಮಾಧಾನವಾಯಿತು. ಅವನು ಮತ್ತೆ ಮೊದಲ ಪುಟ ತೆಗೆದ.

ನಮ್ಮ ತಾಳಮದ್ದಲೆಗೆ ಜನ ಸೇರಿಸಬೇಕಾದರೆ ಮನೆ ಮನೆಗೆ ಹೋಗಿ ಕರೆಯಬೇಕು, ಊಟ ಹಾಕಬೇಕು, ಆದರೂ ಹಿಂದಿನ ಸಾಲಿನವರು ಮೊಬೈಲ್ ನೋಡುತ್ತಾರೆ. ಈ ಎಮ್ಮೆಗೆ ಯಾರನ್ನೂ ಕರೆಯುವುದೇ ಬೇಡ. ಹೊಟ್ಟೆ ಉರಿಯುತ್ತದೆ.

೮ ಜನವರಿ ೨೦೧೨, ಭಾನುವಾರ

ಭುಜಂಗ ಬಂದಿದ್ದ. ನಮ್ಮ ತಂಡದ ಭಾಗವತ, ಹಾಡುವವನು. ಚಿಕ್ಕಿ ತಂದಿದ್ದ, ನನಗೆ ಅಗಿಯಲು ಆಗುವುದಿಲ್ಲ ಎಂದು ತಿಳಿದೂ. ನಾನು ಬಾಯಿ ಬಿಟ್ಟು ದೇಜಪ್ಪನ ಸುದ್ದಿ ಕೇಳಲಿಲ್ಲ. ಅವನೇ ತೆಗೆದ.

"ದೇಜಪ್ಪಣ್ಣ ಅರ್ಥ ಹೇಳುವುದು ಬಿಟ್ಟಿದ್ದಾರೆ, ದೇವಣ್ಣ. ನೀವು ಬಿದ್ದ ಸುದ್ದಿ ಬಂದ ದಿನದಿಂದ. ಮುಲುಂಡಿನ ಕೂಟಕ್ಕೆ ಕರೆಯಲಿಕ್ಕೆ ಹೋದೆವು. 'ನನ್ನ ಬಾಯಿ ಒಳ್ಳೆಯದಲ್ಲ, ನನ್ನನ್ನು ಬಿಟ್ಟುಬಿಡಿ' ಅಂದರು. ಆಸ್ಪತ್ರೆಯ ಗೇಟಿನವರೆಗೆ ಒಂದು ಸಲ ಬಂದು ಹಾಗೇ ವಾಪಸ್ ಹೋದರಂತೆ. ಫೋನೂ ಎತ್ತುವುದಿಲ್ಲ. ಒಬ್ಬರೇ ಇರುವುದಲ್ವಾ, ಯಾರೊಟ್ಟಿಗೂ ಮಾತೇ ಇಲ್ಲ."

ನನಗೆ ಬಂದ ಸಿಟ್ಟು ಬರೆದು ಮುಗಿಯುವುದಿಲ್ಲ. ನಾಲಗೆ ಹೋದದ್ದು ನನ್ನದು, ಮೌನವ್ರತ ಅವನದಾ? ಅವನ ಬಾಯಿಗೆ ಏನಾಗಿದೆ? ಹಲ್ಲು ಗಟ್ಟಿ, ತುಟಿ ಗಟ್ಟಿ, ಗಂಟಲು ಗಟ್ಟಿ. ಬೆಳಿಗ್ಗೆ ಸಂಜೆ ಎಮ್ಮೆ ಎಮ್ಮೆ ಎಂದು ನಾನು ಇಲ್ಲಿ ಜೊಲ್ಲು ಸುರಿಸುತ್ತಿದ್ದೇನೆ, ಅಲ್ಲಿ ಅವನು ಇರುವ ಒಳ್ಳೆಯ ನಾಲಗೆಯನ್ನು ಸುಮ್ಮನೆ ಕೊಳೆಯಿಸುತ್ತಿದ್ದಾನೆ. ನಾನಿಲ್ಲದ ಕಡೆ ಅವನು ಅರ್ಥ ಹೇಳಿದ್ದರೆ ಅದು ಬೇರೆ ಸಿಟ್ಟು. ಇದು ಅದಕ್ಕಿಂತ ಹೆಚ್ಚು.

ಮತ್ತೆ ಗೇಟಿನವರೆಗೆ ಬಂದವನಿಗೆ ಲಿಫ್ಟ್ ಹತ್ತಲು ಏನಾಗಿತ್ತು?

೧೯ ಜನವರಿ, ಗುರುವಾರ

ನಿಶ್ಮಿತಾ ಶಾಲೆಯ ಪಿಕ್‌ನಿಕ್‌ಗೆ ಹೋಗಿದ್ದಳು. ಸುಂದರಿ ಮಾರ್ಕೆಟಿಗೆ. ಕೇಳುವವರು ಯಾರೂ ಇರಲಿಲ್ಲ, ಆದರೂ ಓದಿದೆ. ತುಟಿಯ ವ್ಯಾಯಾಮ ತಪ್ಪಬಾರದಲ್ಲ. ಎಮ್ಮೆ ಕಾಯುವ ಪುಟಗಳಲ್ಲಿ ಓದಲು ಎಂತದೂ ಇಲ್ಲ, ಆದರೂ ತಿರುವಲು ಬಹಳ ಹೊತ್ತು ಹಿಡಿಯಿತು. ಕೈಗೂ ಸ್ವಲ್ಪ ತಾಗಿದೆಯೋ ಏನೋ. ಡಾಕ್ಟರಲ್ಲಿ ಕೇಳಬೇಕು.

೨೪ ಜನವರಿ, ಮಂಗಳವಾರ

ನಿನ್ನೆ 'ಪಾಪಿ' ಬಂತು. ಸ್ವಚ್ಛವಾಗಿ, ಗಂಟೆ ಹೊಡೆದ ಹಾಗೆ. ಶ್ರೀವಿದ್ಯಾ ಚಪ್ಪಾಳೆ ತಟ್ಟಿದಳು. ನಾನು ಇಡೀ ದಿನ ಮನೆಯಲ್ಲೆಲ್ಲ ಪಾಪಿ ಪಾಪಿ ಎಂದು ಹೇಳುತ್ತ ತಿರುಗಿದೆ.

ಇವತ್ತು ಸಂಜೆ ಸ್ಕೂಲ್ ವ್ಯಾನಿನವನು ಮೇಲೆ ಬಂದ. ನಿಶ್ಮಿತಾ ಅವನನ್ನು ಬೆಳಿಗ್ಗೆಯೂ ಮಧ್ಯಾಹ್ನವೂ ಪಾಪಿ ಎಂದು ಕರೆದಳಂತೆ. "ಬಚ್ಚೀ ಕೋ ಕೌನ್ ಸಿಖಾತಾ ಹೈ ಯೇ ಸಬ್?", ಮಗುವಿಗೆ ಇದನ್ನೆಲ್ಲ ಕಲಿಸುವುದು ಯಾರು ಎಂದು ಕೇಳಿದ. ಸುಂದರಿ ಅವನಿಗೆ ನೀರು ದೋಸೆ ಕೊಟ್ಟು ಸಮಾಧಾನ ಮಾಡಿ ಕಳಿಸಿದಳು. ನನಗೆ ದೋಸೆ ಕೊಡುವಾಗ ತಟ್ಟೆ ಕುಕ್ಕಿದಳು.

ಎರಡನೆಯ ವಾಕ್ಯ ಇನ್ನೂ ಕಷ್ಟ. 'ಮುಖ ತೋರಿಸಲೂ' ಎನ್ನುವಲ್ಲಿ ತುಟಿ ನಡುಗುತ್ತದೆ, ಕಣ್ಣಲ್ಲೂ ನೀರು ಬರುತ್ತದೆ. ಎಡಗಣ್ಣು ಇನ್ನೂ ಸರಿಯಾಗಿಲ್ಲ, ಅದಕ್ಕೆ.

೧೨ ಫೆಬ್ರವರಿ, ಭಾನುವಾರ

ಇವತ್ತು ಹೋದೆ.

ಒಬ್ಬನನ್ನೇ ಬಿಡುವುದಿಲ್ಲ ಎಂದು ಸುಂದರಿ ಹೊರಟಳು. ಸುಂದರಿ ಹೊರಟಳೆಂದು ನಿಶ್ಮಿತಾ ಹೊರಟಳು. ಸಂಜೆಯ ಓದು ತಪ್ಪುತ್ತದೆ ಎಂದು ಅವಳು ಪುಸ್ತಕವನ್ನೂ ಚೀಲಕ್ಕೆ ಹಾಕಿದಳು. ಸ್ಟೇಷನ್ನಿಗೆ ಹೋದರೆ ಮೆಗಾಬ್ಲಾಕ್, ರೈಲೇ ಇಲ್ಲ. ಒಬ್ಬ ಮನುಷ್ಯ ಇಷ್ಟು ತಿಂಗಳು ಕಷ್ಟಪಟ್ಟು ಒಂದು ಬೈಗುಳ ಕಲಿತು ಹೊರಟರೆ ರೈಲ್ವೆಯವರು ಹಳಿ ರಿಪೇರಿಗೆ ಇಳಿಯುತ್ತಾರೆ. ರಿಕ್ಷಾ ಹಿಡಿದೆವು. ದಾರಿಯುದ್ದಕ್ಕೂ ನನ್ನ ವಾಕ್ಯ ಹೇಳಿಕೊಂಡೆ. ರಿಕ್ಷಾದವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ದೇಜಪ್ಪನ ಮನೆ ಮೂರನೆಯ ಮಹಡಿ, ಲಿಫ್ಟಿಲ್ಲ. ಶಹಾಡಿನ ಫ್ಯಾಕ್ಟರಿಯಲ್ಲಿದ್ದಾಗ ತೆಗೆದುಕೊಂಡದ್ದು. ಹೆಂಡತಿ ತೀರಿಕೊಂಡ ಮೇಲೆ ಅವನೊಬ್ಬನೇ ಅಲ್ಲಿರುವುದು. ಕಾಲು ಎಳೆದುಕೊಂಡು ಹತ್ತಿದೆ. ಪ್ರತಿ ಮಹಡಿಯಲ್ಲಿ ನಿಂತು ಸಿಟ್ಟನ್ನು ಒಟ್ಟು ಮಾಡಿದೆ. ಬೆಲ್ ನಾನೇ ಒತ್ತಿದೆ.

ಬಾಗಿಲು ತೆಗೆದವನನ್ನು ಮೊದಲು ಗುರುತು ಹಿಡಿಯಲಿಲ್ಲ. ಗಡ್ಡ ಬಿಟ್ಟಿದ್ದಾನೆ, ಕುತ್ತಿಗೆ ಇಳಿದಿದೆ, ಬನಿಯನ್ ಹೆಗಲಿನಿಂದ ಜಾರುತ್ತಿದೆ. ನನ್ನನ್ನು ನೋಡಿದ. ನನ್ನ ಕಾಲು ನೋಡಿದ, ಓರೆಯಾದ ಬಾಯಿ ನೋಡಿದ. ಬಾಗಿಲ ಚೌಕಟ್ಟು ಹಿಡಿದುಕೊಂಡ.

ನಾನು ತುಟಿ ಕೂಡಿಸಿದೆ. 'ಪಾ' ಬಾಯಲ್ಲಿ ಸಿದ್ಧವಾಗಿತ್ತು.

"ಬತ್ತನಾ?" ಎಂದ ಅವನು. ನಾವು ಯಾವಾಗಲೂ ತುಳುವಿನಲ್ಲೇ ಮಾತಾಡುವುದು. ಒಂದು ಮಾತಿಗೆ ಹತ್ತು ಮಾತು ಜೋಡಿಸುವ ಮನುಷ್ಯ ಬಂದೆಯಾ ಎಂದು ಕೇಳಿದ್ದು, ಅಷ್ಟೆ.

"ಬತ್ತೆ" ಎಂದೆ. ಬಂದೆ ಎಂದು. ಬ ಎಷ್ಟು ಸ್ಪಷ್ಟವಾಗಿ ಬಂತೆಂದರೆ ಶ್ರೀವಿದ್ಯಾ ಇರಬೇಕಿತ್ತು ಅಲ್ಲಿ.

"ಅಜ್ಜ, ಯೇ ತೋ ಅಪನೀ ಕಿತಾಬ್ ವಾಲಾ ಹೈ" ಎಂದಳು ನಿಶ್ಮಿತಾ, ಇದು ನಮ್ಮ ಪುಸ್ತಕದ್ದೇ ಮಾತು ಎಂದು. ಅವಳ ಅಜ್ಜಿ ಅವಳ ಬಾಯಿ ಮುಚ್ಚಿದಳು.

ಒಳಗೆ ಕೂತೆವು. ಸುಂದರಿ ತಾನಾಗಿಯೇ ಅಡುಗೆ ಕೋಣೆಗೆ ಹೋಗಿ ಚಹಾಕ್ಕೆ ಇಟ್ಟಳು. ದೇಜಪ್ಪ ಮೊಣಕಾಲು ಹಿಡಿದು ಕೂತಿದ್ದ. "ಆ ಮಾತು ನನ್ನ ಬಾಯಿಂದ ಹೇಗೆ ಬಂತೋ, ದೇವೂ. ಅದರ ನಂತರ ನಾನು ಬರಲಿಲ್ಲ ಯಾಕೆಂದರೆ..." ಎಂದು ಸುರು ಮಾಡಿದ.

"ಬಿಡು ಮಾರಾಯ" ಎಂದೆ. ಇದು ನನ್ನ ವಾಕ್ಯದಲ್ಲಿ ಇರಲಿಲ್ಲ. ಬ ಇರುವ ಮಾತು ಬೇಗ ಬರುತ್ತದೆ, ಹಾಗಾಗಿ ಬಂದದ್ದು.

ನಿಶ್ಮಿತಾ ಪುಸ್ತಕ ತೆಗೆದು ನಮ್ಮಿಬ್ಬರ ನಡುವೆ ಇಟ್ಟಳು. ಸಂಜೆಯ ಓದಿಗೆ ಹೊತ್ತಾಗಿತ್ತು. ಅವನ ಎದುರು ಈ ಎಮ್ಮೆಯನ್ನು ಓದುವುದು ನಾಚಿಕೆಯೇ, ಆದರೆ ಮಗು ಬಿಡಬೇಕಲ್ಲ. ಓದಿದೆ. ಅಲ್ಲಲ್ಲಿ ಎಡವಿದೆ. ಎಡವಿದಲ್ಲೆಲ್ಲ ನಿಶ್ಮಿತಾ ತನ್ನ ತುಟಿ ಒತ್ತಿ ತೋರಿಸಿದಳು. ಎಮ್ಮೆ ಕಾಯುವ ಪುಟ ಬಂದಾಗ ದೇಜಪ್ಪ ಅದರ ಮೇಲೆ ಕೈ ಇಟ್ಟ. ನಾನು ತಿರುವದೆ ಕಾದೆ. ಅವನ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

ಮುಗಿದ ಮೇಲೆ, "ಇನ್ನೊಮ್ಮೆ ಓದು" ಎಂದ. ಎಂಥ ಪದ್ಯಕ್ಕೂ ಪ್ರಶ್ನೆ ಎಬ್ಬಿಸಿ ಭಾಗವತರನ್ನು ಗೋಳು ಹೊಯ್ದುಕೊಂಡವನು. ಇನ್ನೊಮ್ಮೆ ಓದಿದೆ.

ಆಮೇಲೆ ನನ್ನ ಹಳೆಯ ಪ್ರಶ್ನೆ ತೆಗೆದೆ. ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ. "ಎಮ್ಮೆ ಕೇಳಬೇಕಿತ್ತು. ಎಲ್ಲಿ ಹೋಗಿದ್ದೆ ಅಂತ."

ದೇಜಪ್ಪ ಪುಸ್ತಕ ನೋಡುತ್ತಲೇ ಇದ್ದ. "ಕೇಳಿದ್ದರೆ ಪಾಪ ಬೆಳ್ಳಕ್ಕಿ ಎಂತ ಹೇಳಬೇಕಿತ್ತು?" ಎಂದ.

ನನಗೆ ಉತ್ತರ ಹೊಳೆಯಲಿಲ್ಲ. ನಾಲಗೆಯ ತೊಂದರೆ ಅಲ್ಲ, ತಲೆಯಲ್ಲೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಅವನು ನನ್ನನ್ನು ಹೀಗೆ ಕಟ್ಟಿಹಾಕಿದ್ದು ಇದೇ ಮೊದಲು. ಮನೆಗೆ ಬಂದು ಇಷ್ಟು ಹೊತ್ತಾದರೂ ಸಿಟ್ಟು ಇಳಿದಿಲ್ಲ. ಒಂದು ಒಳ್ಳೆಯ ಉತ್ತರ ಹುಡುಕಬೇಕು.

ಬೈಯುವುದಂತೂ ಹಾಗೇ ಬಾಕಿ ಉಳಿಯಿತು. ಬರುವ ಭಾನುವಾರ ಮತ್ತೆ ಹೋಗಬೇಕು. ಹೋಗದೆ ವಿಧಿಯೂ ಇಲ್ಲ, ಶ್ರೀವಿದ್ಯಾಳ ಪುಸ್ತಕ ಅವನ ಹತ್ತಿರವೇ ಬಿಟ್ಟು ಬಂದಿದ್ದೇನೆ.